ಒಣ ತಿಂಗಳಲ್ಲಿ ನೀರು ನೋಡಲು ಬನ್ನಿ

ದಸರಾ ರಜೆ ಮುಗಿಯುವ ಹೊತ್ತಿಗೆ ಈ ಅಂಕಣದ ಓದುಗರಿಂದ ಬರುವ ಪತ್ರ, ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಬೆಂಗಳೂರಿನವರು ಕೇಳುತ್ತಾರೆ, ಮಂಗಳೂರಿನವರು ಕೇಳುತ್ತಾರೆ, ಪುಣೆ ಸೊಲ್ಲಾಪುರದ ಕನ್ನಡಿಗರೂ ಕೇಳುತ್ತಾರೆ. 'ವಿಜಯಪುರಕ್ಕೆ ಯಾವ ತಿಂಗಳಲ್ಲಿ ಬಂದರೆ ಚಲೋ? ಗೋಲಗುಮ್ಮಟ ನೋಡಿಕೊಂಡು ಹತ್ತಿರದಲ್ಲಿ ಒಂದು ಗುಡ್ಡ ಹತ್ತಬೇಕು ಅಂತ ಮಕ್ಕಳ ಆಸೆ. ಮಳೆ ಇಲ್ಲದ ತಿಂಗಳು ಯಾವುದು ಹೇಳಿಬಿಡಿ, ಸಾಕು.' ಪ್ರಶ್ನೆ ಸರಳ. ಆದರೆ 'ಮಳೆ ಇಲ್ಲದ ತಿಂಗಳು' ಎಂಬಷ್ಟರಿಂದಲೇ ನಮ್ಮ ಸೀಮೆಯಲ್ಲಿ ಉತ್ತರ ಸಿಗುವುದಿಲ್ಲ. ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಇಲ್ಲಿ ಮಳೆ ಇರುವುದೇ ಇಲ್ಲ.

ಮೊದಲು ಗುಡ್ಡದ ಮಾತು. ವಿಜಯಪುರದ ಇಬ್ರಾಹಿಂಪುರದಲ್ಲಿರುವ ನಮ್ಮ ಮನೆಯ ಮಾಳಿಗೆ ಏರಿದರೆ ಗೋಲಗುಮ್ಮಟ ಕಾಣುತ್ತದೆ. ಅದರಾಚೆ ನಾಲ್ಕೂ ದಿಕ್ಕಿಗೆ ಬಟಾಬಯಲು. ನಾವು ನಿಂತಿರುವ ನೆಲವೇ ಸಮುದ್ರಮಟ್ಟದಿಂದ ಆರುನೂರು ಮೀಟರಿನಷ್ಟು ಮೇಲಿದೆ. ಏರುವುದನ್ನೆಲ್ಲ ನೆಲವೇ ಏರಿ ಮುಗಿಸಿಬಿಟ್ಟಂತೆ ಚಪ್ಪಟೆಯಾಗಿ ಹರಡಿಕೊಂಡಿದೆ. ಗುಡ್ಡ ಬೇಕೆಂದರೆ ದಕ್ಷಿಣಕ್ಕೆ ಕೃಷ್ಣೆ, ಘಟಪ್ರಭೆ ಎರಡನ್ನೂ ದಾಟಿ, ಸುಮಾರು 120 ಕಿಲೋಮೀಟರ್ ದೂರದ ಬಾದಾಮಿಗೆ ಹೋಗಬೇಕು. 1,712 ಮೀಟರಿನ ಕುಮಾರಪರ್ವತ ಹತ್ತಿ ಬಂದವರಿಗೆ ಬಾದಾಮಿಯ ಗುಡ್ಡದ ಎತ್ತರ ಲೆಕ್ಕಕ್ಕೇ ಸಿಗಲಿಕ್ಕಿಲ್ಲ. ಬೆವರು ಸುರಿಸಿ ಶಿಖರ ಮುಟ್ಟುವ ಆಸೆಯಿದ್ದವರು ಪಶ್ಚಿಮಘಟ್ಟಕ್ಕೇ ಹೋಗಲಿ. ಬಾದಾಮಿಯಲ್ಲಿ ಸಿಗುವುದು ಬೇರೆ: ಸಾವಿರದ ನಾಲ್ಕುನೂರು ವರ್ಷಗಳಿಂದ ಜನ ನಡೆದಾಡಿದ ಬಂಡೆ, ಆ ಬಂಡೆಯ ಬುಡದಲ್ಲಿ ಕೂಡಿಟ್ಟ ನೀರು.

ಇನ್ನು ತಿಂಗಳು. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ನಮ್ಮ ಜಿಲ್ಲೆಗೆ ಮುಂಗಾರಿನ ಮೊದಲ ಅಬ್ಬರ ಅಷ್ಟಾಗಿ ತಟ್ಟುವುದಿಲ್ಲ. ಕರಾವಳಿಯಲ್ಲಿ ಜೂನ್, ಜುಲೈಯಲ್ಲಿ ಆಕಾಶ ಕಳಚಿ ಬೀಳುತ್ತಿರುವಾಗ ಇಲ್ಲಿ ಗಾಳಿಯೇ ಹೆಚ್ಚು. ನಮಗೆ ದೊಡ್ಡ ಮಳೆಯ ತಿಂಗಳು ಸೆಪ್ಟೆಂಬರ್. ಅಕ್ಟೋಬರಿನಲ್ಲಿ ಅದರ ಬಾಲ ಮುಗಿದರೆ ಮುಂದಿನ ಜೂನ್ ತನಕ ಒಣಗಾಲ. ಆದರೆ ಆ ಒಣಗಾಲದೊಳಗೆ ಎರಡು ಋತುಗಳಿವೆ, ಒಂದಕ್ಕೊಂದು ಸಂಬಂಧವೇ ಇಲ್ಲ. ದೀಪಾವಳಿಯಿಂದ ಶಿವರಾತ್ರಿವರೆಗಿನದು ಥಂಡಿಯ ಒಣಗಾಲ. ಶಿವರಾತ್ರಿ ಕಳೆದ ಮೇಲೆ ಬರುವುದು ಬ್ಯಾಸಿಗೆಯ ಒಣಗಾಲ. ಎರಡರಲ್ಲೂ ಆಕಾಶ ತಿಳಿಯಾಗಿರುತ್ತದೆ, ಎರಡರಲ್ಲೂ ಕೊಡೆ ಬೇಕಾಗುವುದು ಅಪರೂಪ. ಆದರೂ ಮೊದಲನೆಯದರಲ್ಲಿ ಗುಡ್ಡ ಹತ್ತುವುದು ಸುಖ, ಎರಡನೆಯದರಲ್ಲಿ ಅಪಾಯ.

ಕಾರಣ ಸೂರ್ಯನ ದಾರಿಯಲ್ಲಿದೆ. ವಿಜಯಪುರ ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಕರ್ಕಾಟಕ ವೃತ್ತಕ್ಕಿಂತ ಕೆಳಗೆ, ಉಷ್ಣವಲಯದ ಒಳಗೇ ಇದೆ. ಆದ್ದರಿಂದ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಎರಡನೆಯ ಸಲ ಬರುವುದು ಆಗಸ್ಟಿನ ಆರಂಭದಲ್ಲಿ. ಆಗ ಮೋಡ ಅಡ್ಡ ಇರುತ್ತದೆ. ಮೊದಲ ಸಲ ಬರುವುದು ಮೇ ತಿಂಗಳ ಮೊದಲ ಹತ್ತು ದಿನಗಳಲ್ಲಿ. ಮೋಡವಿಲ್ಲ, ನೆಲದಲ್ಲಿ ತೇವವಿಲ್ಲ, ಮರದಲ್ಲಿ ಎಲೆಯಿಲ್ಲ. ನಡುಹಗಲು ನೆರಳೆಲ್ಲ ಕಾಲಡಿಗೆ ಸೇರುತ್ತದೆ, ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲು ಬೆಳಗಿನಿಂದ ಆ ಬಿಸಿಲನ್ನು ಕುಡಿಯುತ್ತ ಹೋಗಿ, ಮಧ್ಯಾಹ್ನದ ಹೊತ್ತಿಗೆ ಒಲೆಯ ಮೇಲಿನ ರೊಟ್ಟಿ ಹಂಚಿನಂತಾಗಿರುತ್ತದೆ. ಸೂರ್ಯ ಮುಳುಗಿದರೂ ಬಂಡೆ ಬಹಳ ಹೊತ್ತು ಝಳ ಬಿಡುತ್ತಲೇ ಇರುತ್ತದೆ. ಹಾಗಾಗಿ ಏಪ್ರಿಲ್, ಮೇಯಲ್ಲಿ 'ಸಂಜೆ ತಂಪಾದ ಮೇಲೆ ಹತ್ತೋಣ' ಎಂಬ ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ. ಅದರ ಮೇಲೆ ಸಂಜೆ ಹೊತ್ತಿಗೆ ಗುಡುಗು ಸಿಡಿಲಿನ ಮಳೆಯ ಭಯ. ಬೋಳು ಬಂಡೆಯ ನೆತ್ತಿಯ ಮೇಲೆ ಸಿಡಿಲಿಗೆ ಸಿಗುವುದು ಯಾರಿಗೂ ಬೇಡ.

ಥಂಡಿ ತಿಂಗಳಲ್ಲಿ ಅದೇ ತಿಳಿ ಆಕಾಶ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಮೋಡದ ಹೊದಿಕೆ ಇಲ್ಲದ್ದರಿಂದ ನೆಲ ಹಗಲಿನ ಕಾವನ್ನು ರಾತ್ರಿ ಪೂರ್ತಿ ಬಿಟ್ಟುಕೊಡುತ್ತದೆ. ನಸುಕಿನಲ್ಲಿ ಕೌದಿ ಬಿಡಲು ಮನಸ್ಸಾಗದಷ್ಟು ಚಳಿ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ಆಗ ನಡಿಗೆ ಶುರು ಮಾಡಿದರೆ ಹನ್ನೊಂದರವರೆಗೆ ಬಂಡೆ ತಣ್ಣಗಿರುತ್ತದೆ, ಗಾಳಿ ಒಣಗಿರುತ್ತದೆ, ಬೆವರು ಅಂಟಿಕೊಳ್ಳುವುದಿಲ್ಲ. ಕರಾವಳಿಯಿಂದ ಬಂದವರಿಗೆ ಈ ಒಣ ಗಾಳಿಯ ಗುಟ್ಟು ಒಂದನ್ನು ಹೇಳಲೇಬೇಕು. ಬೆವರು ಬಂದ ಕೂಡಲೇ ಆರಿಹೋಗುವುದರಿಂದ ಮೈಯಿಂದ ನೀರು ಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ. ಬಾಯಾರಿಕೆಗೆ ಕಾಯಬೇಡಿ. ಒಬ್ಬೊಬ್ಬರಿಗೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಒಯ್ಯಿರಿ, ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಿ.

ವಿಜಯಪುರದ ಸುತ್ತಲಿನ ಹೊಲಗಳಿಗೂ ಇದೇ ಒಳ್ಳೆಯ ಕಾಲ. ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿದರೆ ಆಮೇಲೆ ಅದು ಮಳೆಯನ್ನು ಕೇಳುವುದೇ ಇಲ್ಲ. ಎರೆಮಣ್ಣು ಹಿಡಿದಿಟ್ಟುಕೊಂಡ ತೇವ ಮತ್ತು ರಾತ್ರಿಯ ಇಬ್ಬನಿಯಲ್ಲೇ ತೆನೆ ಕಟ್ಟುತ್ತದೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡುಗೆಯನ್ನು ನೈವೇದ್ಯವಾಗಿ ಹೊಲದಲ್ಲಿ ಎರಚಿ ಚರಗ ಚೆಲ್ಲುತ್ತಾರೆ. ಆ ದಿನ ಯಾರಾದರೂ ಪರಿಚಯದವರು 'ನಮ್ಮ ಹೊಲಕ್ಕ ಬರ್‍ರಿ' ಎಂದು ಕರೆದರೆ ಗೋಲಗುಮ್ಮಟವನ್ನು ಮರುದಿನಕ್ಕಿಟ್ಟುಕೊಂಡಾದರೂ ಹೋಗಿ. ಎಳೆಯ ತೆನೆ ಸುಟ್ಟು ಉದುರಿಸಿದ ಸೀತನಿ ಸಿಗುವುದೂ ಈ ಋತುವಿನಲ್ಲಿಯೇ. ಸಂಕ್ರಾಂತಿಗೆ ಊರಿನಲ್ಲಿ ಸಿದ್ಧೇಶ್ವರನ ಜಾತ್ರೆ. ಫೆಬ್ರುವರಿ ದಾಟುತ್ತಿದ್ದಂತೆ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಪಡಗಳಲ್ಲಿ ಕಟಾವು ಭರದಿಂದ ನಡೆಯುತ್ತದೆ. ಮಣೂಕ ಮಾಡುವ ಶೆಡ್ಡುಗಳಲ್ಲಿ ಸಾಲು ಸಾಲು ಜಾಳಿಗೆಗಳ ಮೇಲೆ ದ್ರಾಕ್ಷಿ ಹರಡಿರುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಮಣೂಕ. ಈ ಕೆಲಸಕ್ಕೆ ಬೇಕಾದ ದೊಡ್ಡ ಬಂಡವಾಳ ಒಣ ಗಾಳಿ. ಆ ದಿನಗಳಲ್ಲಿ ಅಡ್ಡಮಳೆ ಒಂದು ಬಿದ್ದರೆ ರೈತನ ವರ್ಷದ ದುಡಿಮೆ ಕಪ್ಪಾಗುತ್ತದೆ. ಪ್ರವಾಸಿಗೆ ಹಿತವಾದ ಒಣ ಹವೆ ಇಲ್ಲಿನವರಿಗೆ ಅನ್ನದ ಪ್ರಶ್ನೆ. ಶೆಡ್ಡಿನ ಹತ್ತಿರ ಗಾಡಿ ನಿಲ್ಲಿಸಿ ಕೇಳಿದರೆ ರೈತರು ಪ್ರೀತಿಯಿಂದ ತೋರಿಸುತ್ತಾರೆ, ಬೊಗಸೆ ತುಂಬ ಕೊಡುತ್ತಾರೆ.

ಗುಡ್ಡಕ್ಕೆ ಹೋಗುವ ಮೊದಲು ಒಂದು ಪೂರ್ತಿ ದಿನವನ್ನು ಊರಿಗೆ ಕೊಡಿ, ಆ ದಿನ ಗುಮ್ಮಟಗಳ ಜೊತೆಗೆ ಬಾವಡಿಗಳನ್ನೂ, ಅಂದರೆ ಹಳೆಯ ದೊಡ್ಡ ಬಾವಿಗಳನ್ನೂ, ನೋಡಿ ಎಂಬುದು ನನ್ನ ಒತ್ತಾಯ. ವಿಜಯಪುರ ನಿಂತಿರುವುದು ಲಾವಾ ಹೆಪ್ಪುಗಟ್ಟಿ ಆದ ಕರಿಗಲ್ಲಿನ ಮೇಲೆ. ಈ ಕಲ್ಲು ತನ್ನ ಸೀಳುಗಳಲ್ಲಷ್ಟೇ ನೀರು ಹಿಡಿಯುತ್ತದೆ. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಇಂಥ ಕಡೆ ರಾಜಧಾನಿ ಕಟ್ಟಿ, ಅಷ್ಟೊಂದು ಜನಕ್ಕೆ, ಕುದುರೆ ಆನೆಗಳಿಗೆ, ತೋಟಗಳಿಗೆ ನೀರು ಒದಗಿಸಿದ್ದು ಆದಿಲಶಾಹಿಗಳ ದೊಡ್ಡ ಸಾಧನೆ. ನನ್ನ ಮಟ್ಟಿಗೆ ಅದು ಗೋಲಗುಮ್ಮಟಕ್ಕಿಂತ ಒಂದು ತೂಕ ಹೆಚ್ಚೇ. 1579ರಲ್ಲಿ ಕಟ್ಟಿದ ಚಾಂದ್ ಬಾವಡಿ, 1620ರ ತಾಜ್ ಬಾವಡಿ ಎರಡೂ ಊರೊಳಗೇ ಇವೆ. ತಾಜ್ ಬಾವಡಿಯ ದೊಡ್ಡ ಕಮಾನಿನ ಕೆಳಗೆ ನಿಂತು ನೋಡಿ. ಅದು ಅರಮನೆಯ ಬಾಗಿಲೇನೋ ಅನ್ನಿಸುತ್ತದೆ, ಒಳಗೆ ಹೋದರೆ ಎದುರಿಗೆ ನೀರು. ತೊರವಿ ಕಡೆಯಿಂದ ನೆಲದಡಿ ಸುರಂಗ ಕೊರೆದು ನೀರು ತಂದರು. 1651ರಲ್ಲಿ ಮೊಹಮ್ಮದ್ ಆದಿಲಶಹಾ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಸಿದರು. ದಾರಿಯಲ್ಲಿ ಒತ್ತಡಕ್ಕೆ ಕೊಳವೆ ಒಡೆಯದಂತೆ ಅಲ್ಲಲ್ಲಿ 'ಗಂಜ್' ಎಂಬ ಗೋಪುರ ನಿಲ್ಲಿಸಿದರು. ಅಂಥ ಕೆಲವು ಗೋಪುರಗಳು ಇಂದಿಗೂ ನಿಂತಿವೆ, ನಾವು ದಿನಾ ಅವುಗಳ ಪಕ್ಕದಲ್ಲೇ ಓಡಾಡುತ್ತೇವೆ. ಮಳೆಗಾಲದಲ್ಲಿ ಬಂದವರಿಗೆ ಇವು ಬರಿ ಹಳೆಯ ಕಟ್ಟಡಗಳು. ಒಣಗಾಲದಲ್ಲಿ, ಸುತ್ತ ಎಲ್ಲವೂ ಬಣಗುಟ್ಟುವಾಗ ನೋಡಿದರೆ, ಇವುಗಳ ಹಿಂದಿನ ಬುದ್ಧಿಯೂ ಆತಂಕವೂ ಅರ್ಥವಾಗುತ್ತವೆ.

ಗೋಲಗುಮ್ಮಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳಿದ್ದಾರೆ. ಒಂದೇ ಸೂಚನೆ: ಡಿಸೆಂಬರ್, ಜನವರಿ ಶಾಲಾ ಪ್ರವಾಸದ ಕಾಲ. ಪಿಸುಮಾತಿನ ಗ್ಯಾಲರಿಯಲ್ಲಿ ನೂರಾರು ಮಕ್ಕಳು ಒಟ್ಟಿಗೆ ಕೂಗಿದರೆ ಅವರಿಗದು ಹಬ್ಬ, ಪಿಸುಮಾತು ಕೇಳಲು ಬಂದವರಿಗೆ ಏನೂ ಸಿಗುವುದಿಲ್ಲ. ವಾರದ ನಡುವಿನ ದಿನ, ಬಾಗಿಲು ತೆರೆದ ಕೂಡಲೇ ಹೋಗಿ. ಇಳಿದು ಬಂದವರು ಎದುರಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ಬಿಟ್ಟು ಹೋಗಬೇಡಿ. ಬಾದಾಮಿಗೆ ಹೋಗುವವರಿಗಂತೂ ಅಲ್ಲೊಂದು ಮುಖ್ಯವಾದ ವಸ್ತುವಿದೆ: ಬಾದಾಮಿ ಹತ್ತಿರದ ಮಹಾಕೂಟದ ಕಂಬ. ಬಾದಾಮಿ ಚಾಲುಕ್ಯರ ದೊರೆ ಮಂಗಳೇಶ ಆರನೆಯ ಶತಮಾನ ಮುಗಿಯುವ ಆಸುಪಾಸಿನಲ್ಲಿ ಮಹಾಕೂಟದಲ್ಲಿ ನಿಲ್ಲಿಸಿದ ಧರ್ಮಜಯಸ್ತಂಭ ಇದು. ಮೈತುಂಬ ಶಾಸನ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಮಹಾಕೂಟೇಶ್ವರನಿಗೆ ಹತ್ತು ಹಳ್ಳಿಗಳನ್ನು ದತ್ತಿ ಕೊಟ್ಟ ಸಂಗತಿ ಅದರಲ್ಲಿದೆ. ಕಂಬ ಅಲ್ಲಿಂದ ಬಂದು ನಮ್ಮೂರಲ್ಲಿ ನೆಲೆಸಿದೆ. ನೀವು ಮೊದಲು ಕಂಬ ನೋಡಿ, ಆಮೇಲೆ ಅದು ನಿಂತಿದ್ದ ಜಾಗಕ್ಕೆ ಗುಡ್ಡ ದಾಟಿ ನಡೆದು ಹೋಗಿ. ಊರು ಮತ್ತು ಗುಡ್ಡ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಹೊಳೆದಿಲ್ಲ.

ಬಾದಾಮಿಗೆ ಬಸ್ಸಿಗಿಂತ ರೈಲನ್ನೇ ನಾನು ಮೆಚ್ಚುತ್ತೇನೆ. ವಿಜಯಪುರದಿಂದ ಗದಗಿನ ಕಡೆ ಹೋಗುವ ಈ ಮಾರ್ಗದಲ್ಲಿ ಕಿಟಕಿ ಪಕ್ಕ ಕೂತರೆ ನೆಲದ ಕತೆ ತಾನೇ ಬಿಚ್ಚಿಕೊಳ್ಳುತ್ತದೆ. ಮೊದಲು ಎರೆ ಹೊಲಗಳು, ಜೋಳ, ಕಡಲೆ, ಕುಸುಬಿ. ಆಲಮಟ್ಟಿಯಲ್ಲಿ ಕೃಷ್ಣೆ. ಬಾಗಲಕೋಟೆಯ ಬಳಿ ಘಟಪ್ರಭೆ. ಗುಳೇದಗುಡ್ಡ ರೋಡ್ ದಾಟುವಷ್ಟರಲ್ಲಿ ಮಣ್ಣು ಕೆಂಪಾಗಿ, ದಿಗಂತದಲ್ಲಿ ಬಂಡೆಗಳು ಏಳುತ್ತವೆ. ನಮ್ಮ ಕರಿಗಲ್ಲಿಗೆ ಆರೂವರೆ ಕೋಟಿ ವರ್ಷ ವಯಸ್ಸು. ಬಾದಾಮಿಯ ಮರಳುಗಲ್ಲು ಅದಕ್ಕಿಂತ ಎಷ್ಟೋ ಹಿರಿಯದು. ನೀರಿನ ಮಟ್ಟಿಗೂ ಎರಡರ ಸ್ವಭಾವ ಬೇರೆ. ಮರಳುಗಲ್ಲಿನ ಪದರ, ಬಿರುಕುಗಳಲ್ಲಿ ಮಳೆನೀರು ನಿಧಾನ ಇಳಿದು, ಗಟ್ಟಿ ಪದರ ಅಡ್ಡ ಬಂದಲ್ಲಿ ಪಕ್ಕಕ್ಕೆ ಸರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ವಿಜಯಪುರದವರು ನೀರಿಗಾಗಿ ಆಳಕ್ಕೆ ತೋಡಬೇಕಾಯಿತು. ಬಾದಾಮಿ ಸೀಮೆಯವರು ಒರತೆ ಇದ್ದಲ್ಲಿ ಹೊಂಡ ಕಟ್ಟಿ, ಪಕ್ಕದಲ್ಲಿ ದೇವರನ್ನಿಟ್ಟರು.

ಸ್ಟೇಷನ್ನಿನಿಂದ ಬಾದಾಮಿ ಊರು ಸುಮಾರು ಐದು ಕಿಲೋಮೀಟರ್. ಆಟೊ, ಟಂಟಂ ಸಿಗುತ್ತವೆ. ಬಂದವರೆಲ್ಲ ಮೊದಲು ಓಡುವುದು ದಕ್ಷಿಣದ ಗುಡ್ಡದ ಮೇಣಬಸದಿಗಳ, ಅಂದರೆ ಗುಹಾದೇವಾಲಯಗಳ, ಕಡೆ. ಓಡಬೇಕಾದ್ದೇ. ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ, ಅದರ ಕಂಬ, ಬೋದಿಗೆಗಳ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಆದರೆ ನಡೆಯಲು ಬಂದವರು ಬೆಳಗಿನ ತಂಪನ್ನು ಉತ್ತರದ ಗುಡ್ಡಕ್ಕೆ ಮೀಸಲಿಡಿ. ಮ್ಯೂಸಿಯಂ ಪಕ್ಕದಿಂದ ಶುರುವಾಗುವ ದಾರಿ ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡೂ ಕಡೆ ಗೋಡೆಯಂತೆ ನಿಂತ ಬಂಡೆಗಳಿಂದ ಒಳಗೆ ಸದಾ ನೆರಳು. ಮೇಲೆ ಬಂದರೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ, ಕೋಟೆಯ ಬುರುಜು, ಕಣಜಗಳು. ಈ ಗುಡ್ಡದ ಬಂಡೆಯೊಂದರ ಮೇಲೆಯೇ ಒಂದನೆಯ ಪುಲಕೇಶಿಯ 543ರ ಶಾಸನವಿದೆ. ವಾತಾಪಿಯ, ಅಂದರೆ ಬಾದಾಮಿಯ, ಗಿರಿದುರ್ಗವನ್ನು ಕಟ್ಟಿಸಿದವನು ಆತ ಎಂದು ಅದು ಹೇಳುತ್ತದೆ. ಅಲ್ಲಿ ನಿಂತು ಕೆಳಗೆ ನೋಡಿದರೆ ಕೋಟೆಗೆ ಈ ಜಾಗವನ್ನೇ ಯಾಕೆ ಆರಿಸಿದರೆಂದು ಯಾರೂ ಹೇಳಬೇಕಿಲ್ಲ. ಎರಡು ಗುಡ್ಡಗಳ ನಡುವೆ ಅಗಸ್ತ್ಯತೀರ್ಥ. ಎರಡೂ ಕಡೆಯ ಬಂಡೆಗಳ ಮೇಲೆ ಬಿದ್ದ ಮಳೆಯೆಲ್ಲ ಹರಿದು ಬಂದು ಸೇರುವ ಕೆರೆ. ಬಂಡೆ ರಕ್ಷಣೆ ಕೊಟ್ಟಿತು, ಕೆರೆ ಬದುಕು ಕೊಟ್ಟಿತು. ರಾಜಧಾನಿಗೆ ಬೇಕಾದ್ದು ಎರಡೂ ಕೂಗಳತೆಯಲ್ಲಿದ್ದವು.

ಇಳಿದು ಬಂದು ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಯತ್ತ ನಡೆಯಿರಿ. ಕೆರೆಯ ಈಶಾನ್ಯಕ್ಕಿರುವ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಕಾಲದ್ದು, ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಕನ್ನಡ ಓದಬಲ್ಲ ಮಕ್ಕಳನ್ನು ಕರೆತಂದವರು ಅಲ್ಲಿ ನಿಲ್ಲದೆ ಮುಂದೆ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ದಯವಿಟ್ಟು ನಿಲ್ಲಿ, ಮಕ್ಕಳಿಗೆ ತೋರಿಸಿ.

ಮರುದಿನ ಬೆಳಿಗ್ಗೆ ಮಹಾಕೂಟದ ನಡಿಗೆ. ರಸ್ತೆಯಲ್ಲಿ ಹೋದರೆ ಸುತ್ತು ಬಳಸಿನ ದಾರಿ, ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಹೋದರೆ ಅದರ ಅರ್ಧವೂ ಇಲ್ಲ. ಚಾಲುಕ್ಯರ ಕಾಲದಿಂದ ಭಕ್ತರು ತುಳಿದ ದಾರಿ ಇದು. ಏರು ಕಡಿದಾಗಿಲ್ಲ. ಆದರೆ ಮೇಲೆ ಹೋದಮೇಲೆ ಕುರುಚಲು ಕಾಡು, ಹಾಸುಬಂಡೆ, ಒಂದರಂತೆಯೇ ಕಾಣುವ ಕವಲುದಾರಿಗಳು. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ಅರ್ಧ ದಿನದ ದುಡಿಮೆಗೆ ಸರಿಯಾದ ಹಣ ಕೊಡಿ. ಇನ್ನೂ ನಡೆಯುವ ಶಕ್ತಿಯಿದ್ದವರಿಗೆ ಅವರೇ ಬೇರೊಂದು ದಿನ ಸಿಡಿಲಪಡಿಯನ್ನೂ ತೋರಿಸಬಲ್ಲರು. ಬಂಡೆಯ ಚಾವಣಿಯ ಕೆಳಗೆ ಪ್ರಾಗೈತಿಹಾಸಿಕ ಕಾಲದ ಜನ ಬರೆದ ಚಿತ್ರಗಳಿರುವ ಜಾಗ ಅದು. ಚಿತ್ರಗಳನ್ನು ಮುಟ್ಟಬೇಡಿ. ಬಂಡೆಯ ಮುಖದಲ್ಲಿ ಹೆಜ್ಜೇನು ಕಂಡರೆ ಗದ್ದಲ ಮಾಡಬೇಡಿ, ಹೊಗೆಯಂತೂ ಬೇಡವೇ ಬೇಡ. ಥಂಡಿ ಕಾಲದಲ್ಲಿ ಹುಲ್ಲು ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಒಂದು ಬೀಡಿ ತುಂಡು ಸಾಕು ಇಡೀ ಗುಡ್ಡಕ್ಕೆ ಬೆಂಕಿ ಹತ್ತಲು. ಕೋತಿಗಳ ಎದುರು ಕೈಯಲ್ಲಿ ತಿಂಡಿ ಹಿಡಿಯಬೇಡಿ.

ದಾರಿ ಕೊನೆಗೆ ಮಹಾಕೂಟಕ್ಕೆ ಇಳಿಯುತ್ತದೆ. ಒಣಗಿದ ಹುಲ್ಲು, ಬೋಳು ಬಂಡೆ ದಾಟಿ ಬಂದವರಿಗೆ ಒಮ್ಮೆಲೇ ದೊಡ್ಡ ಮರಗಳು, ತಂಪು, ನಡುವೆ ವಿಷ್ಣು ಪುಷ್ಕರಣಿ. ನೆಲದ ಒರತೆಯಿಂದಲೇ ತುಂಬಿರುವ ಹೊಂಡ. ಹುಡುಗರು ದಂಡೆಯಿಂದ ಧುಮುಕಿ ಈಜುತ್ತಿರುತ್ತಾರೆ. ಹೊಂಡದೊಳಗೇ ಪುಟ್ಟ ಗುಡಿ, ಅದರಲ್ಲಿ ಶಿವನ ಮುಖಲಿಂಗ. ಸುತ್ತ ನಾಗರ, ದ್ರಾವಿಡ ಎರಡೂ ಶೈಲಿಯ ಗುಡಿಗಳು ಒತ್ತೊತ್ತಾಗಿ ನಿಂತಿವೆ. ಮ್ಯೂಸಿಯಂನಲ್ಲಿ ಕಂಬ ನೋಡಿ ಬಂದವರಿಗೆ ದುರ್ಲಭದೇವಿ ಈ ಜಾಗಕ್ಕೇ ಯಾಕೆ ಹಳ್ಳಿಗಳನ್ನು ಬಿಟ್ಟುಕೊಟ್ಟಳೆಂದು ಹೊಂಡದ ಮೆಟ್ಟಿಲ ಮೇಲೆ ಕೂತಾಗ ತಿಳಿಯುತ್ತದೆ. ಜನವರಿಯಲ್ಲಿ ಬಂದರೂ ನೀರಿದೆ ಎಂಬುದು ಇಲ್ಲಿ ಬಹಳ ದೊಡ್ಡ ಮಾತು. ಈ ಕಾಲುದಾರಿಯನ್ನು ಗುರುತು ಹಾಕಿ, ಮಧ್ಯೆ ಒಂದೆರಡು ಕಡೆ ನೆರಳು ಮತ್ತು ಕುಡಿಯುವ ನೀರು ಒದಗಿಸಿ, ವಿಜಯಪುರದ ಕಂಬದ ಕತೆಯನ್ನು ಎರಡೂ ತುದಿಯಲ್ಲಿ ಬರೆದು ನಿಲ್ಲಿಸಿದರೆ, ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ಬೇರೆ ಬೇಕಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಬನದ ಹುಣ್ಣಿಮೆಯ ಸುತ್ತಮುತ್ತ ಬರುವವರಿಗೆ ಒಂದು ಎಚ್ಚರಿಕೆ, ಒಂದು ಆಹ್ವಾನ. ಪುಷ್ಯದ ಆ ಹುಣ್ಣಿಮೆಗೆ ಬಾದಾಮಿ ಪಕ್ಕದ ಚೊಳಚಗುಡ್ಡದಲ್ಲಿ ಬನಶಂಕರಿ ಜಾತ್ರೆ. ರೈಲು, ಬಸ್ಸು, ವಸತಿ ಎಲ್ಲವೂ ತುಂಬಿ ತುಳುಕುತ್ತವೆ, ಶಾಂತವಾಗಿ ಗುಡ್ಡ ಹತ್ತಬೇಕೆನ್ನುವವರು ಆ ವಾರ ಬಿಟ್ಟುಬಿಡಿ. ಜನ ನೋಡುವ ಆಸೆಯಿದ್ದರೆ ಮಾತ್ರ ಆಗಲೇ ಬನ್ನಿ. ತೇರಿನ ಮುಂಚೆ ಪಲ್ಲೇದ ಹಬ್ಬ, ದೇವಿಗೆ ನೂರೆಂಟು ಬಗೆಯ ಕಾಯಿಪಲ್ಯ. ಒಣಸೀಮೆಯ ದೇವಿಗೆ ಶಾಕಂಭರಿ ಎಂಬ ಹೆಸರು ಹೇಗೆ ಒಪ್ಪುತ್ತದೆಂದು ಅಲ್ಲಿ ನೋಡಬೇಕು. ರಾತ್ರಿಯಿಡೀ ನಾಟಕ. ಜಾತ್ರೆ ಇಲ್ಲದ ದಿನವೂ ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ನಡೆದು ಬಂದ ಹಸಿವಿಗೆ ಹೋಟೆಲ್ ಹುಡುಕಬೇಡಿ.

ಕೆಲವರು ಹಟ ಹಿಡಿಯುತ್ತಾರೆ, 'ನಮಗೆ ಹಸಿರು ಬೇಕು, ಜಲಪಾತ ಬೇಕು' ಎಂದು. ಅವರ ಆಸೆಯೂ ತಪ್ಪಲ್ಲ. ಜೋರು ಮಳೆ ಬಿದ್ದ ದಿನಗಳಲ್ಲಿ ಬಾದಾಮಿಯ ಬಂಡೆಗಳ ಮೇಲಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ಅಗಸ್ತ್ಯತೀರ್ಥ ತುಂಬುತ್ತದೆ, ಅದು ನೋಡಲೇಬೇಕಾದ ನೋಟ. ಅಂಥವರು ಸೆಪ್ಟೆಂಬರಿನಲ್ಲಿ ಬಂದು ಕೆಳಗೆ ನಿಂತು ನೋಡಲಿ. ಪಾಚಿ ಕಟ್ಟಿದ ಮರಳುಗಲ್ಲಿನ ಮೇಲೆ ಮಕ್ಕಳನ್ನು ಹತ್ತಿಸುವುದು ಬೇಡ. ಮತ್ತೆ, ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವ ಪ್ರವಾಸದ ಪಟ್ಟಿಗಳನ್ನು ನಂಬಬೇಡಿ. ಬೆಳಿಗ್ಗೆ ಗುಡ್ಡ ದಾಟಿ ಮಹಾಕೂಟಕ್ಕೆ ನಡೆದವರು ಅದೇ ಮಧ್ಯಾಹ್ನ ಪಟ್ಟದಕಲ್ಲಿಗೆ ಹೋದರೆ ಕಾಲು ಸೋತು, ಕಣ್ಣು ಸೋತು, ವಿರೂಪಾಕ್ಷ ಗುಡಿಯ ಗೋಡೆಗಳನ್ನು ನೋಡುವ ತಾಳ್ಮೆ ಉಳಿದಿರುವುದಿಲ್ಲ. ಬಾದಾಮಿಯಲ್ಲಿ ಇನ್ನೊಂದು ರಾತ್ರಿ ಉಳಿಯಿರಿ. ಪಟ್ಟದಕಲ್ಲು ಮಲಪ್ರಭೆಯ ದಂಡೆಯಲ್ಲಿದೆ, ಗುಡ್ಡ ಹತ್ತುವ ಕೆಲಸವಿಲ್ಲ. ಬೆಳಗಿನ ಬಸ್ಸಿಗೆ ಹೊರಟರೆ ಐಹೊಳೆಯನ್ನೂ ನೋಡಿಕೊಂಡು ಸಂಜೆಯೊಳಗೆ ಬಾದಾಮಿ ಸ್ಟೇಷನ್ನಿಗೆ ಮರಳಬಹುದು.